ಉತ್ತರಕುಮಾರನಿಂದ ಕಾಲೇಜು ಹುಡುಗರವರೆಗೆ: ಹದಿಹರೆಯದ ಹಾಸ್ಯ ಮತ್ತು ಕನ್ನಡ ಸಿನಿಮಾ

ಹದಿಹರೆಯದವರ ಬದುಕನ್ನು ಹಾಸ್ಯದ ಧಾಟಿಯಲ್ಲಿ ನಿರೂಪಿಸುವ ಚಲನಚಿತ್ರಗಳನ್ನು ಗಂಭೀರ ಅಧ್ಯಯನಕ್ಕೆ ಎತ್ತಿಕೊಳ್ಳುವ ಪರಿಪಾಠ ಕನ್ನಡ ವಿಭಾಗಗಳಲ್ಲಿ ಅಷ್ಟಾಗಿ ಬೆಳೆದಿಲ್ಲ. ಅವು ಕೇವಲ ರಂಜನೆಯ ಸರಕು, ಪಾಶ್ಚಾತ್ಯ ಮಾದರಿಗಳ ಅನುಕರಣೆ ಎಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ಈ ಗ್ರಹಿಕೆಯಲ್ಲಿ ಸ್ವಲ್ಪ ಸತ್ಯವಿದೆ. ಒಂದೇ ರಾತ್ರಿಯ ಅಲೆದಾಟದಲ್ಲಿ ಹುಡುಗರ ಬಾಲ್ಯ ಮುಗಿಯುವುದನ್ನು ತೋರಿಸಿದ ಜಾರ್ಜ್ ಲೂಕಾಸ್‌ನ ‘ಅಮೆರಿಕನ್ ಗ್ರಫೀಟಿ’ (1973), ಶಾಲೆಯ ಒಂದು ದಿನದ ಶಿಕ್ಷೆಯನ್ನೇ ವಸ್ತುವಾಗಿಸಿಕೊಂಡ ಜಾನ್ ಹ್ಯೂಸ್‌ನ ‘ದ ಬ್ರೇಕ್‌ಫಾಸ್ಟ್ ಕ್ಲಬ್’ (1985) ಮುಂತಾದ ಚಿತ್ರಗಳು ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಒಂದು ಚೌಕಟ್ಟನ್ನು ಒದಗಿಸಿವೆ. ಆದರೆ ಚೌಕಟ್ಟು ಹೊರಗಿನದಾದ ಮಾತ್ರಕ್ಕೆ ಅನುಭವವೂ ಹೊರಗಿನದೆಂದು ತೀರ್ಮಾನಿಸಲಾಗದು. ಕನ್ನಡ ಕಾವ್ಯಪರಂಪರೆಯಲ್ಲಿಯೇ ಈ ಹಾಸ್ಯಕ್ಕೆ ಬಲವಾದ ಪೂರ್ವರೂಪವೊಂದಿದೆ ಎಂಬುದನ್ನೂ, ಅದರ ಬೆಳಕಿನಲ್ಲಿ ಇತ್ತೀಚಿನ ನಾಲ್ಕು ಚಿತ್ರಗಳನ್ನು ಓದಬಹುದು ಎಂಬುದನ್ನೂ ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ.

1. ಗದುಗಿನ ಪೂರ್ವರೂಪ

ಗದಗಿನ ಸಮೀಪದ ನಾಗಾವಿಯಲ್ಲಿ ಇಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ತರುಣರಿಗೆ ಕೂಗಳತೆಯಷ್ಟೇ ಹತ್ತಿರವೆನ್ನಬಹುದಾದ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನು ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ರಚಿಸಿದನೆಂಬುದು ಪ್ರಸಿದ್ಧ ಐತಿಹ್ಯ. ಆ ಕಾವ್ಯದ ವಿರಾಟಪರ್ವದ ಉತ್ತರಕುಮಾರನ ಪ್ರಸಂಗವು ಹದಿಹರೆಯದ ಹಾಸ್ಯಕ್ಕೆ ಕನ್ನಡದ ಅತ್ಯುತ್ತಮ ನಿದರ್ಶನವೆನ್ನಬಹುದು.

ಪ್ರಸಂಗದ ರಚನೆಯನ್ನು ಗಮನಿಸಬೇಕು. ತಂದೆ ಯುದ್ಧಕ್ಕೆ ಹೋಗಿದ್ದಾನೆ. ಹಿರಿಯರಿಲ್ಲದ ಅರಮನೆಯಲ್ಲಿ ಕೌರವರು ಗೋವುಗಳನ್ನು ಹಿಡಿದ ಸುದ್ದಿ ಬರುತ್ತದೆ. ಹೆಂಗಳೆಯರ ನಡುವೆ ಕುಳಿತ ಹುಡುಗ ತನ್ನ ಪರಾಕ್ರಮವನ್ನು ಕೊಚ್ಚಿಕೊಳ್ಳುತ್ತಾನೆ. ಸಾರಥಿಯಿಲ್ಲವೆಂಬ ನೆಪ ಹೇಳುತ್ತಾನೆ. ಬೃಹನ್ನಳೆ ಸಾರಥಿಯಾದಾಗ ನೆಪ ಇಲ್ಲವಾಗುತ್ತದೆ. ಕೌರವಸೇನೆಯನ್ನು ಕಂಡೊಡನೆ ಅವನು ರಥದಿಂದ ಧುಮುಕಿ ಓಡುತ್ತಾನೆ. ಅರ್ಜುನ ಅವನನ್ನು ಹಿಡಿದು ತಂದು, ಶಮೀವೃಕ್ಷದಿಂದ ಆಯುಧಗಳನ್ನು ಇಳಿಸಿ, ಅವನನ್ನೇ ಸಾರಥಿಯನ್ನಾಗಿ ಕೂರಿಸಿಕೊಂಡು ಯುದ್ಧ ಗೆಲ್ಲುತ್ತಾನೆ. ಊರಿಗೆ ಮರಳಿದಾಗ ಗೆಲುವಿನ ಕೀರ್ತಿ ತನ್ನ ಪಾಲಿಗೆ ಬಂದರೂ ಉತ್ತರ ಅದನ್ನು ತನ್ನದೆಂದು ಹೇಳಿಕೊಳ್ಳುವುದಿಲ್ಲ. ಬಡಾಯಿ, ಭಯ, ಓಟ, ಮರಳುವಿಕೆ, ಸತ್ಯದ ಮಾತು: ಈ ಐದು ಹಂತಗಳಲ್ಲಿ ಹುಡುಗನೊಬ್ಬ ದೊಡ್ಡವನಾಗುತ್ತಾನೆ.

ಆದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಮೊದಲ ಹಂತವನ್ನಷ್ಟೇ ಉಳಿಸಿಕೊಂಡಿದೆ. ಲೋಕದ ನೆನಪಿನಲ್ಲಿ ಉತ್ತರ ಬಡಾಯಿಗಾರನಾಗಿಯೇ ನಿಂತುಬಿಟ್ಟಿದ್ದಾನೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಮಡಿದ ಉತ್ತರ ಗಾದೆಯೊಳಗೆ ಬರುವುದಿಲ್ಲ. ಗಾದೆಗೂ ಕಾವ್ಯಕ್ಕೂ ನಡುವಿನ ಈ ಅಂತರವೇ ಹದಿಹರೆಯದ ಹಾಸ್ಯವನ್ನು ಅಳೆಯುವ ಮಾನದಂಡವಾಗಬಲ್ಲದು. ಹುಡುಗರನ್ನು ನಗೆಪಾಟಲಾಗಿಸಿ ಅಲ್ಲಿಯೇ ಬಿಡುವ ಚಿತ್ರ ಗಾದೆಯ ಮಟ್ಟದಲ್ಲಿ ನಿಲ್ಲುತ್ತದೆ. ಓಡಿಹೋದವನನ್ನು ಮರಳಿ ಕರೆತರುವ ಚಿತ್ರ ಕಾವ್ಯದ ಕಡೆಗೆ ಚಲಿಸುತ್ತದೆ.

2. ಶೃಂಗಾರದ ಅನುಕೃತಿ

ಭರತನ ನಾಟ್ಯಶಾಸ್ತ್ರವು ಹಾಸ್ಯದ ಮೂಲವನ್ನು ಶೃಂಗಾರದಲ್ಲಿ ಗುರುತಿಸುತ್ತದೆ. ಶೃಂಗಾರದ ಅನುಕೃತಿಯೇ ಹಾಸ್ಯವೆಂಬುದು ಅಲ್ಲಿನ ನಿಲುವು. ಹದಿಹರೆಯದವರ ಪ್ರೇಮಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ದೊಡ್ಡವರ ಪ್ರೇಮವನ್ನು ಕಂಡು, ಕೇಳಿ, ಇಂದಿನ ಕಾಲದಲ್ಲಿ ಪರದೆಯ ಮೇಲೆ ನೋಡಿ, ಅದನ್ನು ತಮ್ಮ ಮೈಮೇಲೆ ಎಳೆದುಕೊಳ್ಳುವ ಪ್ರಯತ್ನದಲ್ಲಿ ನಗೆ ಹುಟ್ಟುತ್ತದೆ. ಭಾವ ನಿಜವಾದದ್ದು, ಭಾಷೆ ಎರವಲಿನದು. ಈ ವಿರೋಧವನ್ನು ಹಾದುಬರದ ಪ್ರೇಕ್ಷಕರು ವಿರಳ. ಆದ್ದರಿಂದಲೇ ವಯಸ್ಸು ಮೀರಿದವರೂ ಇಂತಹ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಾರೆ. ತೆರೆಯ ಮೇಲಿನ ಹುಡುಗನನ್ನು ಕಂಡು ನಗುವವರು ವಾಸ್ತವದಲ್ಲಿ ತಮ್ಮ ಹಿಂದಿನ ತಮ್ಮನ್ನೇ ಕ್ಷಮಿಸುತ್ತಿರುತ್ತಾರೆ.

ರೂಪಾ ರಾವ್ ನಿರ್ದೇಶನದ ‘ಗಂಟುಮೂಟೆ’ (2019) ಈ ಅನುಕೃತಿಯನ್ನೇ ವಸ್ತುವಾಗಿಸಿಕೊಂಡ ಚಿತ್ರ. ಅದು ಪೂರ್ಣ ಹಾಸ್ಯಚಿತ್ರವಲ್ಲ. ಆದರೆ 1990ರ ದಶಕದ ಶಾಲಾ ಬಾಲಕಿ ಮೀರಾ ಸಹಪಾಠಿಯಲ್ಲಿ ಹಿಂದಿ ಚಿತ್ರನಟನ ಛಾಯೆಯನ್ನು ಹುಡುಕುವ ಭಾಗಗಳಲ್ಲಿ ನವಿರಾದ ನಗೆಯಿದೆ. ಕಥೆಯನ್ನು ಹೇಳುವವಳು ಮೀರಾಳೇ ಎಂಬುದು ಇಲ್ಲಿ ಮುಖ್ಯ. ಉತ್ತರನ ಪ್ರಸಂಗದಲ್ಲಿ ಹೆಣ್ಣುಮಕ್ಕಳು ಹುಡುಗನ ಬಡಾಯಿಗೆ ಶ್ರೋತೃಗಳು. ‘ಗಂಟುಮೂಟೆ’ಯಲ್ಲಿ ಶ್ರೋತೃಸ್ಥಾನದಲ್ಲಿದ್ದವಳೇ ನಿರೂಪಕಿಯಾಗುತ್ತಾಳೆ.

ರಿಷಬ್ ಶೆಟ್ಟಿ ನಿರ್ದೇಶನದ ‘ಕಿರಿಕ್ ಪಾರ್ಟಿ’ (2016) ಇದಕ್ಕೆ ವ್ಯತಿರಿಕ್ತ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಹುಡುಗರ ತಂಡ, ಹಿರಿಯ ವಿದ್ಯಾರ್ಥಿನಿ ಸಾನ್ವಿಯ ಮೇಲೆ ಇಡೀ ತಂಡದ ಮೋಹ, ಎಲ್ಲರೂ ಸೇರಿ ಕೊಳ್ಳುವ ಹಳೆಯ ಕಾರು ಇವುಗಳಿಂದ ಕಟ್ಟಿದ ಮೊದಲರ್ಧದ ಹಾಸ್ಯವು ಅಪಾರ ಜನಪ್ರೀತಿ ಗಳಿಸಿತು. 2018ರಲ್ಲಿ ಚಿತ್ರ ತೆಲುಗಿಗೂ ಹೋಯಿತು. ಆದರೆ ನಾಯಕ ಕರ್ಣ ಪ್ರಬುದ್ಧನಾಗಲು ಸಾನ್ವಿ ಸಾಯಬೇಕಾಗುತ್ತದೆ. ಅವನನ್ನು ಮತ್ತೆ ಬದುಕಿನ ಕಡೆಗೆ ತಿರುಗಿಸಲು ಇನ್ನೊಬ್ಬ ಹುಡುಗಿ ಬರಬೇಕಾಗುತ್ತದೆ. ಹುಡುಗನ ಬೆಳವಣಿಗೆಗೆ ಹೆಣ್ಣು ಉಪಕರಣವಾಗುವ ಈ ರಚನೆ ಪ್ರಕಾರದ ದೊಡ್ಡ ಮಿತಿ. ಚಿತ್ರದ ಜನಪ್ರಿಯತೆಯನ್ನು ವಿವರಿಸುವಾಗ ಈ ಮಿತಿಯನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ.

3. ನಗೆಯ ಹಿಂದಿನ ಸಮುದಾಯ

ಉತ್ತರನ ಭಯ ಅವನೊಬ್ಬನದೇ ಆದರೂ, ಅಪಾಯಕ್ಕೆ ಸಿಲುಕಿದ್ದು ಊರಿನ ಗೋಸಂಪತ್ತು. ಇದೇ ಬಗೆಯಲ್ಲಿ ಹದಿಹರೆಯದ ಹಾಸ್ಯವನ್ನು ಸಮುದಾಯದ ಬಿಕ್ಕಟ್ಟಿಗೆ ಜೋಡಿಸಿದ ಎರಡು ಚಿತ್ರಗಳಿವೆ.

ರಿಷಬ್ ಶೆಟ್ಟಿಯವರದೇ ಆದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಗಡಿನಾಡಿನ ಕನ್ನಡ ಶಾಲೆಯೊಂದರ ಕಥೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯೂ 1956ರದೇ. ಈ ಇತಿಹಾಸವನ್ನು ಚಿತ್ರವು ಭಾಷಣವಾಗಿಸದೆ, ಕನ್ನಡ ಶಾಲೆಗೆ ಮಲಯಾಳಂ ಶಿಕ್ಷಕ ಬಂದಾಗ ಮಕ್ಕಳು ಪಡುವ ಪಾಡಿನಲ್ಲಿ, ಪ್ರವೀಣನು ಪಲ್ಲವಿಯ ಮೇಲೆ ಇಟ್ಟ ಎಳೆಯ ಪ್ರೀತಿಯಲ್ಲಿ ಬೆರೆಸುತ್ತದೆ. ಮಕ್ಕಳ ನೆರವಿಗೆ ಮೈಸೂರಿನಿಂದ ಬರುವ ಅನಂತಪದ್ಮನಾಭ (ಅನಂತನಾಗ್) ಇಲ್ಲಿನ ಬೃಹನ್ನಳೆ. ಸ್ವತಃ ಹಾಸ್ಯಪಾತ್ರವಾದ ಸಾರಥಿ. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಶಾಲೆ ಮುಚ್ಚುವುದೆಂದರೆ ಬಾಲ್ಯದ ಭಾಷೆಯೇ ಮುಚ್ಚುವುದು.

ಶಶಾಂಕ್ ಸೋಗಾಲ್ ನಿರ್ದೇಶನದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆಯನ್ನು ಆಧರಿಸಿದೆ. ತೇಜಸ್ವಿ ಓದುಗರ ಸಾಮೂಹಿಕ ಹಣದಿಂದ ತಯಾರಾದುದು ಇದರ ವಿಶೇಷ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಬಂದ ಏಕೈಕ ಮುಸ್ಲಿಂ ವಿದ್ಯಾರ್ಥಿಯ ಬಗ್ಗೆ ಹುಡುಗರು ಕಟ್ಟಿಕೊಂಡ ಕಲ್ಪನೆಗಳೇ ಇಲ್ಲಿ ನಗೆಯ ಮೂಲ. ಅಂದರೆ ನಗೆಗೆ ಈಡಾಗುವವನು ಹೊಸಬನಲ್ಲ, ಅವನನ್ನು ನೋಡುವ ಕಣ್ಣು. ಪೂರ್ವಗ್ರಹವು ಹಿರಿಯರಿಂದ ಎರವಲು ಬಂದ ಬಡಾಯಿ. ಅದು ಮೈದಾನದಲ್ಲಿ, ಸ್ನೇಹದಲ್ಲಿ ಕರಗುವುದೇ ಇಲ್ಲಿ ದೊಡ್ಡವರಾಗುವ ಬಗೆ.

4. ಬೋಧನೆಯ ನೆಲೆ

ಈ ನಾಲ್ಕು ಚಿತ್ರಗಳ ಲೋಕಗಳು ಗಡಿನಾಡು, ಮಲೆನಾಡು ಹಾಗೂ ನಗರದ ಶಾಲೆ ಕಾಲೇಜುಗಳವು. ಬಯಲುಸೀಮೆಯ ಗದಗ, ಮುಂಡರಗಿ, ಶಿರಹಟ್ಟಿಗಳ ಹದಿಹರೆಯ ತನ್ನದೇ ಮಾತಿನಲ್ಲಿ ಇವುಗಳಲ್ಲಿ ಕಾಣಿಸಿಕೊಂಡಿಲ್ಲ. ನಾಗಾವಿಯ ವಿದ್ಯಾರ್ಥಿ ತನ್ನ ವಯಸ್ಸಿನ ಕಥೆಯನ್ನು ಇನ್ನೊಂದು ಸೀಮೆಯ ಕನ್ನಡದಲ್ಲಿ ನೋಡಿ ನಗಬೇಕಾಗಿದೆ. ಆದರೆ ಅದೇ ವಿದ್ಯಾರ್ಥಿಯ ಪಠ್ಯದಲ್ಲಿ, ಅವನ ಊರಿನ ಗುಡಿಯ ಐತಿಹ್ಯದಲ್ಲಿ ಉತ್ತರಕುಮಾರನಿದ್ದಾನೆ. ವಿರಾಟಪರ್ವವನ್ನು ಪಾಠ ಮಾಡುವ ಅಧ್ಯಾಪಕರು ಈ ಪ್ರಸಂಗವನ್ನು ಹೇಡಿತನದ ವಿಡಂಬನೆಯಾಗಿ ಮುಗಿಸದೆ, ಚಿತ್ರಗಳ ಜೊತೆಗಿಟ್ಟು ಬೋಧಿಸಿದರೆ ಎರಡಕ್ಕೂ ಹೊಸ ಅರ್ಥ ಬಂದೀತು. ಓಡಿದವನ ಬೆನ್ನ ಹಿಂದೆ ನಗುವುದು ಗಾದೆಗೆ ಸಾಕು. ಅವನನ್ನು ಹಿಡಿದು ತಂದು ಕೈಗೆ ಹಗ್ಗ ಕೊಡುವ ಕೆಲಸ ಕಾವ್ಯದ್ದು, ತರಗತಿಯದೂ ಹೌದು.