ಗಣಕಯಂತ್ರಕ್ಕೆ ಬರೆದಿಡುವ ಅಪ್ಪಣೆಗಳು

ಗಣಕಯಂತ್ರದ ತೆರೆಯ ಮೇಲೆ ತೆರೆದುಕೊಳ್ಳುವ ಚೌಕಗಳಿಗೆ ವಿಂಡೋಗಳೆಂದು ಹೆಸರು. ಲಿನಕ್ಸ್ ಯಂತ್ರಗಳಲ್ಲಿ ಇವುಗಳ ಸ್ಥಾನವನ್ನೂ ಗಾತ್ರವನ್ನೂ ನೋಡಿಕೊಳ್ಳಲು ಪ್ರತ್ಯೇಕವಾದ ಪ್ರೋಗ್ರಾಮೊಂದು ಇರುತ್ತದೆ. ಅದೇ ವಿಂಡೋ ಮ್ಯಾನೇಜರ್. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿ ಬೆಳೆದ ಎಕ್ಸ್ ವಿಂಡೋ ವ್ಯವಸ್ಥೆಯು ಚಿತ್ರ ಬರೆಯುವ ಕೆಲಸವನ್ನು ತಾನಿಟ್ಟುಕೊಂಡು, ವಿಂಡೋಗಳ ಮೇಲ್ವಿಚಾರಣೆಯನ್ನು ಬೇರೆ ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತು.

ಇಂಥ ಮ್ಯಾನೇಜರುಗಳಲ್ಲಿ ಓಪನ್‌ಬಾಕ್ಸ್ ಒಂದು. ಅದು ಬಹು ಹಗುರವಾದುದು. ಹಳೆಯ ಯಂತ್ರಗಳಲ್ಲಿಯೂ ಚುರುಕಾಗಿ ನಡೆಯುತ್ತದೆ. ಆದರೆ ಹೇಳದೆ ಯಾವ ಕೆಲಸವನ್ನೂ ಅದು ಮಾಡದು. ನಾವು ಒಳಹೊಕ್ಕೊಡನೆ ಗಡಿಯಾರವಿರುವ ಕೆಳಪಟ್ಟಿ, ಜಾಲಸಂಪರ್ಕದ ಸೂಚಕ ಮೊದಲಾದವು ತಾವಾಗಿ ಮೂಡಬೇಕಾದರೆ, 'ಆಟೋಸ್ಟಾರ್ಟ್' ಎಂಬ ಕಡತದಲ್ಲಿ ಒಂದೊಂದು ಸಾಲಿಗೆ ಒಂದೊಂದು ಅಪ್ಪಣೆಯನ್ನು ಬರೆದಿಡಬೇಕು.

ಇಷ್ಟು ಸುಲಭವಾದ ಕೆಲಸದಲ್ಲಿ ತಪ್ಪಲು ಅವಕಾಶವೆಲ್ಲಿ? ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಕಣ್ಣಿಲ್ಲದ ವಿದ್ಯಾರ್ಥಿಯೊಬ್ಬನಿಗಾಗಿ ಗೆಳೆಯನು ಯಂತ್ರವನ್ನು ಅಣಿಗೊಳಿಸುತ್ತಾನೆ. ಮೊದಲ ಸಾಲಿನಲ್ಲಿ ಕೆಳಪಟ್ಟಿ. ಎರಡನೆಯದರಲ್ಲಿ ತೆರೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಓರ್ಕಾ'. ಯಂತ್ರವನ್ನು ಹೊತ್ತಿಸಿದರೆ ಕೆಳಪಟ್ಟಿ ಬರುತ್ತದೆ. ಓರ್ಕಾ ಮಾತ್ರ ಮಾತನಾಡದು. ತಪ್ಪಿನ ಸೂಚನೆಯೂ ತೆರೆಯ ಮೇಲೆ ಕಾಣದು. ಕಣ್ಣುಳ್ಳವನಿಗೆ ಇದು ಸಣ್ಣ ಕೊರತೆ. ಆ ವಿದ್ಯಾರ್ಥಿಗೆ ಯಂತ್ರವೇ ಮೂಕವಾದಂತೆ.

ಕಾರಣವಿಷ್ಟೆ. ಈ ಕಡತವನ್ನು ಓದುವ 'ಶೆಲ್', ಒಂದು ಅಪ್ಪಣೆ ಮುಗಿಯುವವರೆಗೆ ಮುಂದಿನದಕ್ಕೆ ಕೈಹಾಕುವುದಿಲ್ಲ. ಕೆಳಪಟ್ಟಿಯ ಕೆಲಸವೋ, ನಾವು ಯಂತ್ರದಿಂದ ಏಳುವವರೆಗೂ ಮುಗಿಯತಕ್ಕದ್ದಲ್ಲ! ಸಾಲಿನ ಕೊನೆಗೆ & ಎಂಬ ಚಿಹ್ನೆಯನ್ನು ಸೇರಿಸಿದರೆ, ಶೆಲ್ ಆ ಪ್ರೋಗ್ರಾಮನ್ನು ಹಿನ್ನೆಲೆಗೆ ಬಿಟ್ಟು ಕೂಡಲೆ ಕೆಳಗಿನ ಸಾಲಿಗೆ ಇಳಿಯುತ್ತದೆ.

ವಿದ್ಯುನ್ಮಂಡಲದ ಸರಣಿ ಜೋಡಣೆ, ಸಮಾಂತರ ಜೋಡಣೆಗಳು ನಿಮಗೆ ನೆನಪಾಗಬಹುದು. ಹೋಲಿಕೆ ಸರಿಯೆ, ಆದರೆ ಒಂದು ವ್ಯತ್ಯಾಸವುಂಟು. ಸರಣಿಯಲ್ಲಿ ಕೆಟ್ಟ ದೀಪವು ಉಳಿದವನ್ನು ಆರಿಸುತ್ತದೆ. ಇಲ್ಲಿಯಾದರೋ, ಕೆಡದೆ ನಡೆಯುತ್ತಿರುವ ಪ್ರೋಗ್ರಾಮೇ ಉಳಿದವನ್ನು ತಡೆಯುತ್ತದೆ! ಅದು ಕೆಟ್ಟು ನಿಂತಿದ್ದರೆ ಓರ್ಕಾಗೆ ಸರದಿ ಬರುತ್ತಿತ್ತು.

ಕೆಲವೊಮ್ಮೆ ಕಾಯುವುದೂ ಅವಶ್ಯಕ. ಕೆಳಪಟ್ಟಿ ಮೂಡಿದ ಬಳಿಕವೇ ಸೂಚಕವು ಏಳಬೇಕೆಂದಿದ್ದರೆ, 'ಸ್ಲೀಪ್ 5' ಎಂದು ಬರೆದು, && ಚಿಹ್ನೆಯಿಂದ ಸೂಚಕದ ಹೆಸರನ್ನು ಜೋಡಿಸಿ, ಎರಡನ್ನೂ ಆವರಣದೊಳಗಿಟ್ಟು, ಹೊರಗೆ & ಹಾಕಬೇಕು. ಆಗ 5 ಸೆಕೆಂಡು ಕಾಯುವುದು ಸೂಚಕವೊಂದೆ, ಉಳಿದವು ಕಾಯಬೇಕಿಲ್ಲ.

ಒಂದು ಎಚ್ಚರಿಕೆ: ಕಡತವನ್ನು ತಿದ್ದಿದ ಮೇಲೆ ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕು ನೋಡಿ. ಒಂದು ಸಲಕ್ಕೆ ಒಂದೇ ಸಾಲನ್ನು ಸೇರಿಸಿ ಪರೀಕ್ಷಿಸಿದರೆ ತಪ್ಪು ಎಲ್ಲಿದೆಯೆಂದು ಹುಡುಕುವ ಶ್ರಮವೇ ಇರದು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೆ?