ಭಾವ ಕೊಟ್ಟ ಪುಸ್ತಕಗಳು

ಅಮೆರಿಕದಲ್ಲಿ ಸಿವಿಲ್ ಪಿ.ಇ. (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸಿಗೆ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಸಿಕ್ಕರೆ ನಾನು ಮೊದಲು ಕೇಳುವುದು: ನಿಮಗೆ ಪುಸ್ತಕ ಕೊಟ್ಟವರು ಪಾಸಾಗಿದ್ದು ಯಾವ ವರ್ಷ?

ನನಗೆ ಕೊಟ್ಟವರು ನಮ್ಮ ಭಾವ. 2012ರಲ್ಲಿ ಪಾಸಾದವರು. ಆಗೆಲ್ಲ ಪುಸ್ತಕ ನೋಡಿಕೊಂಡೇ ಬರೆಯುವ ಪರೀಕ್ಷೆ. ಸೂಟ್‌ಕೇಸ್ ತುಂಬ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದರು. ಲಿಂಡೆಬರ್ಗ್ ಅವರ ದಪ್ಪ ರೆಫರೆನ್ಸ್ ಮ್ಯಾನುಯಲ್, ಬಣ್ಣದ ಚೀಟಿ ಅಂಟಿಸಿದ ಹಳೆಯ ಕಾಂಕ್ರೀಟ್ ಸಂಹಿತೆ ಎಸಿಐ 318, ಎಲ್ಲ ತಂದು ಮೇಜಿನ ಮೇಲೆ ಪೇರಿಸಿ, ‘ಇಷ್ಟು ಓದು, ಸಾಕು’ ಅಂದರು. 2022ರಿಂದ ಪರೀಕ್ಷೆ ಕಂಪ್ಯೂಟರಿಗೆ ಬಂದಿದೆ, ಸ್ವಂತ ಪುಸ್ತಕ ಒಳಗೆ ಬಿಡೋದಿಲ್ಲ ಎಂದರೆ, ‘ಕಾಂಕ್ರೀಟ್ ಏನು ವರ್ಷವರ್ಷಕ್ಕೂ ಬದಲಾಗುತ್ತಾ?’ ಎಂದು ಬಾಯಿ ಮುಚ್ಚಿಸಿದರು. ಅಕ್ಕನೂ ಅವರ ಪರವೇ.

ಅವನ್ನೇ ಓದಿಕೊಂಡು ಪರೀಕ್ಷೆಗೆ ಕೂತೆ. 80 ಪ್ರಶ್ನೆ, 8 ಗಂಟೆ. ಒಂದೊಂದಕ್ಕೆ ಆರೇ ನಿಮಿಷ. ಊಟದ ಬಿಡುವಾದ ಮೇಲೆ ತೊಲೆಯ ಕಂಬಿಗೆ ಡೆವಲಪ್‌ಮೆಂಟ್ ಲೆಂತ್ ಕೇಳಿದ ಪ್ರಶ್ನೆ ಬಂತು. ಭಾವನ ಪುಸ್ತಕದಲ್ಲಿ ಅದು 12ನೇ ಅಧ್ಯಾಯ, ನೀಲಿ ಚೀಟಿ ಇದ್ದ ಜಾಗ. ಪರದೆಯ ಮೇಲೆ 12 ಒತ್ತಿದರೆ ಡಯಾಫ್ರಮ್! ಸಂಹಿತೆಯನ್ನು ಅಲ್ಲಿ ಒಂದು ಸಲಕ್ಕೆ ಒಂದೇ ಅಧ್ಯಾಯ ತೆರೆಯಬಹುದು, ತೆರೆದ ಅಧ್ಯಾಯದೊಳಗೆ ಮಾತ್ರ ಹುಡುಕಬಹುದು. ಮುಚ್ಚಿದೆ, 11 ತೆರೆದೆ. ಅದೂ ಅಲ್ಲ. ಮತ್ತೆ ಮುಚ್ಚಿದೆ. ನಮ್ಮ ದೇಶದ ಸಂಹಿತೆ ಐಎಸ್ 456 ಇಟ್ಟುಕೊಂಡು ಕಾಲೇಜಿನಲ್ಲಿ ಎಷ್ಟೋ ಸಲ ಮಾಡಿದ ಜಾತಿಯ ಲೆಕ್ಕ ಅದು. ಸೂತ್ರ ಎಲ್ಲಿದೆ ಎಂಬುದೇ ಸಿಗದೆ ಅಂಗೈ ಬೆವರಿ ಮೌಸ್ ಜಾರುತ್ತಿತ್ತು. ಎಸಿಐ 2014ರ ಆವೃತ್ತಿಯಲ್ಲೇ ಅಧ್ಯಾಯಗಳನ್ನೆಲ್ಲ ಹೊಸದಾಗಿ ಜೋಡಿಸಿ ಡೆವಲಪ್‌ಮೆಂಟ್ ಲೆಂತನ್ನು 25ಕ್ಕೆ ಒಯ್ದಿತ್ತು. ಶಿಯರ್ ಹುಡುಕಲು ಹೋದಾಗಲೂ ಇದೇ ಪಾಡು. ಅದು 22ರಲ್ಲಿ ಕೂತಿತ್ತು.

ಫೇಲಾದೆ. ‘ನೀನು ಸರಿಯಾಗಿ ಓದಲಿಲ್ಲ’ ಅಂದರು ಭಾವ. ಆಮೇಲೆ ಪಾಸಾದರೂ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಈಗ ಓದುತ್ತಿರುವವರಿಗೆ ನಾನು ಹೇಳುವುದು ಇಷ್ಟು. ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ತನ್ನ ಪಿ.ಇ. ಸಿವಿಲ್ ಹ್ಯಾಂಡ್‌ಬುಕ್ಕನ್ನು ಪುಕ್ಕಟೆ ಕೊಡುತ್ತದೆ. ಪ್ರಿಂಟ್ ತೆಗೆಸದೆ ಪರದೆಯ ಮೇಲೇ ಓದಿ. ಯಾವ ಪದ ಹಾಕಿ ಹುಡುಕಬೇಕು ಎನ್ನುವುದು ಕೈಗೆ ಹತ್ತುವುದು ಹಾಗೇ. ಯಾವ ಸಂಹಿತೆಯ ಯಾವ ಆವೃತ್ತಿ ಎಂದು ಅವರ ಪಟ್ಟಿಯಲ್ಲಿ ನೋಡಿದ ಮೇಲೆಯೇ ಪುಸ್ತಕ ಕೊಳ್ಳಿ. 2024ರ ಏಪ್ರಿಲ್‌ನಿಂದ 80 ಪ್ರಶ್ನೆಯೂ ನೀವು ಆರಿಸಿಕೊಂಡ ವಿಭಾಗದ್ದೇ. ಸ್ಟ್ರಕ್ಚರಲ್‌ನವರು ಹಳೆಯ ಪುಸ್ತಕದ ರಸ್ತೆ, ಚರಂಡಿ ಅಧ್ಯಾಯಗಳಿಗೆ ರಾತ್ರಿ ನಿದ್ದೆಗೆಡಬೇಕಿಲ್ಲ. ಕ್ಯಾಲ್ಕುಲೇಟರ್ ಮಾತ್ರ ಹೊಸದು ಬೇಡ, ಊರಿಂದ ತಂದ ಕ್ಯಾಸಿಯೊ ಎಫ್‌ಎಕ್ಸ್-991 ನಡೆಯುತ್ತದೆ.