ಒಂದು ಮನೆ ಎರಡಾದಾಗ ಮಕ್ಕಳ ಪಾಲು



ಗೋಪುರ ಕಟ್ಟಿಸಹೊರಟವನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಕೆಲಸಕ್ಕೆ ಕೈಹಾಕುವ ಮೊದಲು ಲೆಕ್ಕ ನೋಡಬೇಕೆಂಬದು ಅದರ ತಾತ್ಪರ್ಯ. ಕಟ್ಟುವದಕ್ಕೆ ಲೆಕ್ಕ ಬೇಕಾದಂತೆ ಒಡೆಯುವದಕ್ಕೂ ಲೆಕ್ಕ ಬೇಕು. ಆದರೆ ಮದುವೆ ಮಾಡುವಾಗ ಎಲೆ ಅಡಿಕೆಯ ತನಕ ಖರ್ಚು ಬರೆದಿಡುವ ನಾವು, ಮದುವೆ ಮುರಿಯುವಾಗ ಯಾವ ಲೆಕ್ಕವನ್ನೂ ಬರೆಯುವದಿಲ್ಲ. ಕೋಪವೂ ಅವಮಾನವೂ ಮಾತಾಡುತ್ತವೆ. ಹಿರಿಯರು ಒಂದು ಮೊತ್ತವನ್ನು ಹೇಳುತ್ತಾರೆ. ಛಾಪಾ ಕಾಗದಕ್ಕೆ ರುಜು ಬೀಳುತ್ತದೆ. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಆಡುತ್ತಿರುವ ಕೂಸಿನ ಪಾಲು ಎಷ್ಟೆಂದು ಕೇಳುವವರೇ ಇಲ್ಲ.

ಗಂಡಹೆಂಡಿರು ಅಗಲುವದು ಸರಿಯೋ ತಪ್ಪೋ ಎಂಬದು ಈ ಪಾಠದ ವಿಷಯವಲ್ಲ. ಅಂಥ ಸ್ಥಿತಿ ಬಂದಲ್ಲಿ ಹಣಕಾಸಿನ ವಿಷಯದಲ್ಲಿ ಏನಾಗುತ್ತದೆ, ಚಿಕ್ಕ ಮಕ್ಕಳ ಅನ್ನ, ಬಟ್ಟೆ, ಓದು ಇವುಗಳನ್ನು ಹೇಗೆ ಕಾಪಾಡಬೇಕು ಎಂಬಷ್ಟನ್ನೇ ಇಲ್ಲಿ ವಿಚಾರಿಸೋಣ.

೧. ಒಂದು ಒಲೆ ಎರಡಾಗುವದು

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಕಡೆಯ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಮನಸ್ಸಿಗೆ ತಂದುಕೊಳ್ಳಿರಿ. ಅರ್ಧ ಎಕರೆ ಹಿಪ್ಪುನೇರಳೆ, ಸ್ವಲ್ಪ ಗದ್ದೆ, ಒಂದು ಹಸು, ಇಬ್ಬರು ಚಿಕ್ಕ ಮಕ್ಕಳು. ಹುಳುವು ನಾಲ್ಕು ಜ್ವರಗಳನ್ನು ದಾಟಿ ಗೂಡು ಕಟ್ಟುವ ತನಕ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಗಂಡನು ಸೊಪ್ಪು ಕೊಯ್ದು ತರುತ್ತಾನೆ. ಹೆಂಡತಿಯು ಹೊತ್ತುಹೊತ್ತಿಗೆ ಮೇವು ಹಾಕಿ, ಕಸ ತೆಗೆದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾಳೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದಾಗ ಹಣವು ಬರುವದು ಗಂಡನ ಕೈಗೆ. ಪಹಣಿಯಲ್ಲಿರುವದೂ ಅವನ ಹೆಸರೇ. ಆದಕಾರಣ ಸಂಪಾದನೆಯೆಲ್ಲಾ ತನ್ನದೆಂದು ಅವನು ನೆನಸುತ್ತಾನೆ. ಹೆಂಡತಿಯೂ ಹಾಗೆಯೇ ನೆನಸುತ್ತಾಳೆ.

ಈ ಸಂಸಾರದ ವರಮಾನವು ತಿಂಗಳಿಗೆ ೨೦,೦೦೦ ರೂಪಾಯಿ, ಖರ್ಚು ೧೭,೦೦೦ ಎಂದಿಟ್ಟುಕೊಳ್ಳೋಣ. ಅವರು ಅಗಲಿದರೆ ಖರ್ಚು ಇಮ್ಮಡಿಯಾಗುವದಿಲ್ಲವೆಂಬದು ನಿಜ. ಆದರೆ ೧೭,೦೦೦ದಲ್ಲಿಯೂ ಸಾಗದು. ಎರಡು ಸೂರು, ಎರಡು ಒಲೆ, ಎರಡು ದೀಪ ಎಂದ ಮೇಲೆ ೨೪,೦೦೦ವಾದರೂ ಬೇಕು. ವರಮಾನವೋ ಇಳಿಯುತ್ತದೆ. ಹೆಂಡತಿಯ ಕೈಗಳು ಹೋದ ಮೇಲೆ ಗಂಡನು ಕೂಲಿಯಾಳನ್ನು ಹಿಡಿಯಬೇಕು, ಇಲ್ಲವೆ ಸಾಕುವ ಹುಳುವನ್ನು ಕಡಿಮೆ ಮಾಡಬೇಕು. ತಾಯಿಯು ಮದ್ದೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗೋಣವೆಂದರೆ ಎರಡು ವರುಷದ ಕೂಸನ್ನು ಯಾರ ಬಳಿ ಬಿಡಬೇಕು? ಇಬ್ಬರದೂ ಸೇರಿ ೧೬,೦೦೦ ಬಂದರೆ ಹೆಚ್ಚು. ಉಳಿದ ೮,೦೦೦ವನ್ನು ಯಾರು ತೆರುತ್ತಾರೆ? ಮೊದಲು ಅಡವಿಟ್ಟ ಒಡವೆ ತೆರುತ್ತದೆ. ಅನಂತರ ತವರಿನ ಅಣ್ಣತಮ್ಮಂದಿರು ತೆರುತ್ತಾರೆ. ಕೊನೆಗೆ ಮಗುವಿನ ಹಾಲೂ ಶಾಲೆಯೂ ತೆರುತ್ತವೆ.

ಇದರೊಡನೆ ಸಾಲದ ಮಾತೊಂದಿದೆ. ಸ್ತ್ರೀಶಕ್ತಿ ಸಂಘದಲ್ಲಿ ಹೆಂಡತಿಯ ಹೆಸರಿನಿಂದ ತೆಗೆದ ಹಣವು ಅನೇಕ ಸಾರಿ ಗಂಡನ ಹೊಲಕ್ಕೂ ಹುಳುಮನೆಗೂ ಹೋಗಿರುತ್ತದೆ. ಅಗಲಿದ ಮೇಲೆ ಹೊಲವು ಅವನಲ್ಲಿ ಉಳಿಯುತ್ತದೆ. ವಾರದ ಕಂತು ಅವಳ ಹಿಂದೆ ತವರಿಗೆ ಬರುತ್ತದೆ. ಆದಕಾರಣ ಲೆಕ್ಕ ಮಾಡುವವರು ಆಸ್ತಿಯನ್ನು ಮಾತ್ರವಲ್ಲ, ಸಾಲವನ್ನೂ, ಅದು ಯಾತಕ್ಕೆ ವೆಚ್ಚವಾಯಿತೆಂಬದನ್ನೂ ಬರೆಯತಕ್ಕದ್ದು.

೨. ಯಾವದು ಯಾರದು

ಅಗಲಿದರೆ ಗಂಡನ ಜಮೀನಿನಲ್ಲಿ ಅರ್ಧ ಸಿಕ್ಕುವದೆಂದು ಕೆಲವರು ನಂಬಿದ್ದಾರೆ. ಅದು ಸರಿಯಲ್ಲ. ೧೯೨೫ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ, ಮದುವೆಯಾದ ಮಾತ್ರಕ್ಕೆ ಒಬ್ಬರ ಸ್ವತ್ತಿನಲ್ಲಿ ಮತ್ತೊಬ್ಬರಿಗೆ ಹಕ್ಕು ಹುಟ್ಟುವದಿಲ್ಲ. ಹಾಗೆಯೇ ಹೆಂಡತಿಯು ದುಡಿದು ಗಳಿಸಿದ ಕೂಲಿಯೂ ಸಂಬಳವೂ ಅವಳದೇ ಎಂದು ೧೮೭೪ನೆಯ ಇಸವಿಯ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾನೂನು ಹೇಳುತ್ತದೆ. ಈ ಕಾನೂನು ಕ್ರೈಸ್ತ ಸ್ತ್ರೀಯರಿಗೆ ಅನ್ವಯಿಸುತ್ತದೆ. ತವರಿನವರು ಅವಳಿಗೆ ಕೊಟ್ಟ ಒಡವೆ ಪಾತ್ರೆಗಳು ಅವಳವೇ. ಆದರೆ ಅವು ಇಂತಿಷ್ಟು ಎಂಬದಕ್ಕೆ ಪಟ್ಟಿಯೂ ರಸೀತಿಯೂ ಇಲ್ಲದಿದ್ದರೆ ಕೇಳುವದು ಕಷ್ಟ.

ಹೀಗಿರುವಲ್ಲಿ ಜಮೀನಿಲ್ಲದ ತಾಯಿಗೆ ಮುಖ್ಯ ಆಧಾರವು ಜೀವನಾಂಶ. ಅದು ಯಾರೂ ದಯೆಯಿಂದ ಹಾಕುವ ಭಿಕ್ಷೆಯಲ್ಲ. ಬಾಕಿ ನಿಂತರೆ ಸಾಲದಂತೆ ವಸೂಲು ಮಾಡತಕ್ಕದ್ದು.

೩. ಛಾಪಾ ಕಾಗದದ ಅಪಾಯ

ನಮ್ಮ ಸೀಮೆಯ ಅನೇಕ ಕುಲಗಳಲ್ಲಿ ಬಿಡುಗಡೆಯು ಪೂರ್ವದಲ್ಲಿ ಪಂಚಾಯಿತಿಯ ಮುಂದೆ ಆಗುತ್ತಿತ್ತು. ಆ ಕುಲಗಳಿಂದ ಸಭೆಗೆ ಸೇರಿದ ಮನೆಗಳಲ್ಲಿಯೂ ಆ ವಾಡಿಕೆಯು ಬಿಟ್ಟುಹೋಗಿಲ್ಲ. ಇಂತಿಷ್ಟು ಹಣ ಕೊಟ್ಟಿದೆ, ಇನ್ನು ಮೇಲೆ ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲ, ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ ಎಂದು ಬರೆಯಿಸಿ ರುಜು ಹಾಕಿಸುತ್ತಾರೆ. ಇದರಲ್ಲಿ ಅಡಗಿರುವ ಅಪಾಯಗಳನ್ನು ಲಕ್ಷ್ಯವಿಟ್ಟು ಓದಿರಿ.

ಮೊದಲನೆಯದು, ಆ ಕಾಗದವು ಮದುವೆಯನ್ನು ಬಿಡಿಸುವದಿಲ್ಲ. ೧೮೭೨ರ ಕ್ರೈಸ್ತ ವಿವಾಹ ಕಾನೂನಿನಂತೆ ಆದ ಮದುವೆಯನ್ನು ೧೮೬೯ರ ವಿಚ್ಛೇದನ ಕಾನೂನಿನಂತೆ ನ್ಯಾಯಾಲಯವೇ ಬಿಡಿಸಬೇಕು. ಸಭೆಯ ತೀರ್ಪಿಗೂ ಆ ಶಕ್ತಿಯಿಲ್ಲ. ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಎಂಬವರು, ರೋಮನ್ ಕಥೋಲಿಕ ಸಭೆಯ ನ್ಯಾಯಪೀಠವು ಕೊಟ್ಟ ತೀರ್ಪನ್ನು ಸರಕಾರದ ಕಾನೂನೂ ಒಪ್ಪಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದರು. ೨೦೧೭ನೆಯ ಇಸವಿಯ ಜನವರಿಯಲ್ಲಿ ಆ ಅರ್ಜಿಯು ವಜಾ ಆಯಿತು. ಅಷ್ಟು ದೊಡ್ಡ ಸಭೆಯ ಪೀಠಕ್ಕೆ ಇಲ್ಲದ ಅಧಿಕಾರವು ನಮ್ಮ ಹಳ್ಳಿಯ ಹಿರಿಯರಿಗೆ ಎಲ್ಲಿಂದ ಬರಬೇಕು? ಇಂಥ ಕಾಗದವನ್ನು ನಂಬಿ ಮರುಮದುವೆಯಾದವನು ಮೊದಲನೆಯ ಹೆಂಡತಿ ಜೀವಿಸಿರುವಾಗ ಎರಡನೆಯವಳನ್ನು ಕಟ್ಟಿಕೊಂಡ ಅಪರಾಧಿಯಾಗುತ್ತಾನೆ. ಹೊಸ ಹೆಂಡತಿಯೂ ಸಂಕಟಕ್ಕೆ ಬೀಳುತ್ತಾಳೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಹೆಂಡತಿ ಮಕ್ಕಳ ಜೀವನಾಂಶಕ್ಕೆ ಎಲ್ಲಾ ಮತದವರಿಗೂ ಒಂದೇ ಆದ ಕಾನೂನಿದೆ. ಅದು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಾಗಿತ್ತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಾಗಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿ ವಾಸಿಸುವ ಹೆಂಡತಿಗೆ ಜೀವನಾಂಶವಿಲ್ಲವೆಂದು ಅದೇ ಕಲಮು ಹೇಳುತ್ತದೆ. ಆದಕಾರಣ ಒಪ್ಪಿ ಬೇರೆಯಾಗಿದ್ದೇವೆ ಎಂಬ ಆ ಒಂದು ಸಾಲನ್ನು ಮುಂದೆ ಅವಳಿಗೆ ವಿರೋಧವಾಗಿಯೇ ತೋರಿಸಬಹುದು. ಹೀಗೆ ಅವಳು ಬಿಡುಗಡೆ ಹೊಂದಿದವಳೂ ಅಲ್ಲ, ಹೆಂಡತಿಯ ಹಕ್ಕುಳ್ಳವಳೂ ಅಲ್ಲ ಎಂಬಂತಾಗಿ ನಡುವೆ ನಿಲ್ಲುತ್ತಾಳೆ.

ಮೂರನೆಯದು ಸಮಾಧಾನದ ಮಾತು. ತಾಯಿಯು ತನ್ನ ಹಕ್ಕನ್ನು ಬಿಟ್ಟುಕೊಟ್ಟು ರುಜು ಹಾಕಿದ್ದರೂ ಮಗುವಿನ ಹಕ್ಕು ಹೋಗುವದಿಲ್ಲ. ಅದು ಮಗುವಿನದು, ತಾಯಿಯಾಗಲಿ ತಂದೆಯಾಗಲಿ ಅದನ್ನು ಮಾರಲಾರರು. ಮದುವೆಯು ಮುರಿದರೂ ತಂದೆತನವು ಮುರಿಯುವದಿಲ್ಲವೆಂಬದನ್ನು ಕಾನೂನೂ ಒಪ್ಪುತ್ತದೆ.

೪. ನೆಟ್ಟಗಿನ ದಾರಿ

ಕ್ರೈಸ್ತರ ವಿಚ್ಛೇದನ ಕಾನೂನು ಬಹುಕಾಲ ಬಿಗಿಯಾಗಿತ್ತು. ಗಂಡನು ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ಅದರೊಡನೆ ಕ್ರೌರ್ಯವನ್ನೋ ತ್ಯಾಗವನ್ನೋ ಸಹ ರುಜುವಾತು ಮಾಡಬೇಕಾಗಿತ್ತು. ವ್ಯಾಜ್ಯ ನಡೆಯುವಾಗ ಅವಳಿಗೆ ಕೊಡಿಸುವ ಹಣವು ಗಂಡನ ಆದಾಯದ ಐದರಲ್ಲೊಂದು ಪಾಲನ್ನು ಮೀರಕೂಡದೆಂಬ ಮಿತಿಯಿತ್ತು. ೨೦೦೧ರ ತಿದ್ದುಪಡಿಯಿಂದ ಈ ಭೇದವೂ ಈ ಮಿತಿಯೂ ಹೋದವು. ಈಗ ೩೬ನೆಯ ಕಲಮಿನಂತೆ ವ್ಯಾಜ್ಯದ ಕಾಲದ ಖರ್ಚನ್ನೂ, ೩೭ನೆಯ ಕಲಮಿನಂತೆ ಶಾಶ್ವತ ಜೀವನಾಂಶವನ್ನೂ ಕೇಳಬಹುದು. ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವ ದಾರಿಯೂ ಆಗಲೇ ತೆರೆಯಿತು. ಅದಕ್ಕೆ ಎರಡು ವರುಷ ಅಗಲಿರಬೇಕೆಂದು ಬರೆದಿದ್ದರೂ, ಅದನ್ನು ಒಂದು ವರುಷವೆಂದೇ ಓದಬೇಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪು ಕೊಟ್ಟಿತು.

ಜೀವನಾಂಶದ ಅರ್ಜಿಗಾಗಿ ಗಂಡನ ಊರಿಗೆ ಹೋಗಬೇಕಾಗಿಲ್ಲ. ಬೇರೆ ತಾಲ್ಲೂಕಿಗೆ ಕೊಟ್ಟ ಹೆಣ್ಣು ಮಗಳು ಬೆಳಕವಾಡಿಯ ತವರಿಗೆ ಬಂದು ಸೇರಿದ್ದರೆ, ಅವಳು ಈಗ ವಾಸಿಸುವ ಸೀಮೆಯ ನ್ಯಾಯಾಲಯದಲ್ಲಿಯೇ ಕೇಳಬಹುದು. ಮಧ್ಯಕಾಲದ ಜೀವನಾಂಶದ ಅರ್ಜಿಯನ್ನು ನೋಟೀಸು ಮುಟ್ಟಿದ ಅರುವತ್ತು ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರಿಸಬೇಕೆಂದು ಕಾನೂನಿದೆ. ಸರ್ವೋಚ್ಚ ನ್ಯಾಯಾಲಯವು ೨೦೨೦ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಎಂಬವರ ವ್ಯಾಜ್ಯದಲ್ಲಿ ಎರಡು ಮುಖ್ಯ ಮಾತುಗಳನ್ನು ಹೇಳಿತು: ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು, ಜೀವನಾಂಶವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕ ಹಾಕಬೇಕು. ಇದರಿಂದ ತಿಳಿಯುವದೇನಂದರೆ, ನಾಳೆ ಸರಿಹೋದೀತೆಂದು ಅರ್ಜಿ ಕೊಡದೆ ಕಳೆದ ತಿಂಗಳುಗಳ ಹಣವು ಕೈಗೆ ಬರುವದು ಕಷ್ಟ. ತಾಯಿಯೂ ಸಂಪಾದಿಸುವವಳಾದರೆ ಮಕ್ಕಳ ಖರ್ಚನ್ನು ಇಬ್ಬರ ವರಮಾನಕ್ಕೆ ತಕ್ಕಂತೆ ಹಂಚಬಹುದೆಂದೂ ಆ ತೀರ್ಪಿನಲ್ಲಿದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿರಿ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾನೂನಿನಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನವನ್ನು ನೋಡದೆ ವಕೀಲರನ್ನು ಧರ್ಮಾರ್ಥವಾಗಿ ಒದಗಿಸುತ್ತಾರೆ. ಇದಕ್ಕಾಗಿ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ಮನೆಯಲ್ಲಿ ಹೊಡೆತ ಬಡಿತಗಳಿದ್ದರೆ ಹಣದ ಲೆಕ್ಕಕ್ಕಾಗಿ ಒಂದು ದಿನವೂ ಕಾಯತಕ್ಕದ್ದಲ್ಲ. ೨೦೦೫ರ ಕೌಟುಂಬಿಕ ಹಿಂಸೆಯ ಕಾನೂನಿನ ಕೆಳಗೆ ವಾಸಕ್ಕೆ ಸ್ಥಳವನ್ನೂ ಖರ್ಚಿಗೆ ಹಣವನ್ನೂ ಕೇಳಬಹುದು.

೫. ತೀರ್ಪಿನ ಅನಂತರ

ತೀರ್ಪು ಬಂದಿತೆಂದು ಹಣವು ತಾನಾಗಿ ನಡೆದು ಬರುವದಿಲ್ಲ. ತಂದೆಯು ಕೊಡದೆ ನಿಲ್ಲಿಸಿದರೆ, ಬಾಕಿಯಾದ ದಿನದಿಂದ ಒಂದು ವರುಷದೊಳಗೆ ವಸೂಲಿಯ ಅರ್ಜಿ ಹಾಕಬೇಕು. ಕೊಡದವನನ್ನು ಪ್ರತಿ ತಿಂಗಳ ಬಾಕಿಗಾಗಿ ಒಂದು ತಿಂಗಳ ತನಕ ಸೆರೆಯಲ್ಲಿಡಬಹುದು. ಸೆರೆಯಲ್ಲಿದ್ದು ಬಂದರೂ ಬಾಕಿಯು ತೀರಿದಂತಾಗುವದಿಲ್ಲ. ತಂದೆಯಾದವನು ಹಣವನ್ನು ಕೈಯಲ್ಲಿ ಕೊಡದೆ ಬ್ಯಾಂಕಿನ ಮೂಲಕ ಕೊಟ್ಟರೆ ಅವನಿಗೂ ಕ್ಷೇಮ. ಯಾಕಂದರೆ ಕೊಟ್ಟದ್ದಕ್ಕೆ ಗುರುತಿಲ್ಲದವನು ಎರಡು ಸಾರಿ ಕೊಡಬೇಕಾದೀತು.

ತಾಯಿಯು ಪಡಿತರ ಚೀಟಿಯನ್ನು ಬೇಗನೆ ಸರಿಪಡಿಸಿಕೊಳ್ಳಬೇಕು. ಅತ್ತೆಯ ಮನೆಯ ಚೀಟಿಯಲ್ಲಿ ಅವಳ ಹೆಸರೂ ಮಕ್ಕಳ ಹೆಸರೂ ಉಳಿದಿರುವ ತನಕ ಅವರ ಪಾಲಿನ ಅಕ್ಕಿಯು ಅಲ್ಲಿಯೇ ಹೋಗುತ್ತದೆ. ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ೨,೦೦೦ ರೂಪಾಯಿಯೂ ಚೀಟಿಯಲ್ಲಿ ಯಜಮಾನಿಯೆಂದು ಬರೆದವಳಿಗೇ ಸಲ್ಲುತ್ತದೆ. ಇದಲ್ಲದೆ ವಿಧವೆಯರ, ವಿಚ್ಛೇದನವಾದವರ ಮತ್ತು ಕೈಬಿಡಲ್ಪಟ್ಟ ತಾಯಂದಿರ ಮಕ್ಕಳಿಗಾಗಿ ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವವೆಂಬ ಸಹಾಯವುಂಟು. ೨೦೨೨ರ ನಿಯಮಗಳಂತೆ ಒಂದು ಮಗುವಿಗೆ ತಿಂಗಳಿಗೆ ೪,೦೦೦ ರೂಪಾಯಿ; ಹಳ್ಳಿಯಲ್ಲಿ ಕುಟುಂಬದ ವರಮಾನವು ವರುಷಕ್ಕೆ ೭೨,೦೦೦ ರೂಪಾಯಿ ಮೀರಿರಬಾರದು. ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿರಿ. ನಾವು ಮೇಲೆ ಹೇಳಿದ ಮನೆಯಲ್ಲಿ ಕೊರತೆಯಾದ ೮,೦೦೦ಕ್ಕೆ ಇದು ಸಣ್ಣ ಆಸರೆಯಲ್ಲ.

ಮುಂದಿನ ಕಾಲದ ಮಾತೂ ಒಂದಿದೆ. ಕ್ರೈಸ್ತನು ಮರಣಶಾಸನ ಬರೆಯದೆ ತೀರಿಕೊಂಡರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಮೂರರಲ್ಲಿ ಎರಡು ಪಾಲು. ವಿಚ್ಛೇದನವಾದವಳು ವಿಧವೆಯಲ್ಲವಾದ್ದರಿಂದ ಅವಳ ಪಾಲು ಹೋಗುತ್ತದೆ. ಮಕ್ಕಳಾದರೋ ಯಾರ ಮನೆಯಲ್ಲಿ ಬೆಳೆದರೂ ತಂದೆಯ ಮಕ್ಕಳೇ. ಆದರೆ ಮರಣಶಾಸನದಿಂದ ಅವನು ಎಲ್ಲವನ್ನೂ ಬೇರೆಯವರಿಗೆ ಕೊಡಬಲ್ಲನು. ಆದಕಾರಣ ವಿಚ್ಛೇದನದ ಕಾಲದಲ್ಲಿಯೇ ಮಕ್ಕಳ ಹೆಸರಿಗೆ ಒಂದು ತುಂಡು ಭೂಮಿಯನ್ನಾಗಲಿ ಬ್ಯಾಂಕಿನ ಠೇವಣಿಯನ್ನಾಗಲಿ ನೋಂದಾಯಿಸಿ ಕೊಡಿಸುವದು ಜಾಣತನ.

೬. ಹಿರಿಯರಿಗೆ ಒಂದು ಮಾತು

ಹಿರಿಯರೇ, ನಿಮ್ಮನ್ನು ಕರೆದಲ್ಲಿ ಹೋಗಿರಿ. ಮನಸ್ಸುಗಳನ್ನು ಕೂಡಿಸಲು ಪ್ರಯತ್ನಿಸಿರಿ. ಆದರೆ ಬಿಡುಗಡೆಯ ಕಾಗದಕ್ಕೆ ಸಾಕ್ಷಿ ಹಾಕಬೇಡಿರಿ. ಹಣದ ಮಾತು ಬಂದಾಗ, ಅವಳಿಗೆಷ್ಟು ಅವನಿಗೆಷ್ಟು ಎಂದು ಕೇಳುವ ಮೊದಲು ಮಗುವಿನ ಒಂದು ತಿಂಗಳ ಖರ್ಚು ಎಷ್ಟೆಂದು ಕೇಳಿರಿ. ಹಾಲು, ಅಕ್ಕಿ, ಬಟ್ಟೆ, ಔಷಧ, ಶಾಲೆ, ಇವುಗಳನ್ನು ಸಾಲಾಗಿ ಬರೆಯಿಸಿರಿ. ಆ ಚೀಟಿಯನ್ನು ತಂದೆಯ ಕೈಗೂ ತಾಯಿಯ ಕೈಗೂ ಕೊಟ್ಟು ಓದಿಸಿರಿ. ಅದನ್ನು ಓದಿದ ಮೇಲೆ ಕೆಲವರು ಜಗಳವನ್ನು ಬಿಟ್ಟಾರು; ಅಗಲಲೇಬೇಕಾದವರು ಕನಿಷ್ಠ ಪಕ್ಷ ಕೂಸಿನ ಪಾಲನ್ನು ತೆಗೆದಿಟ್ಟು ಅಗಲುವರು.

ಆಲೋಚನೆಗಾಗಿ ಪ್ರಶ್ನೆಗಳು

೧. ನಿಮ್ಮ ಮನೆಯ ವರಮಾನದಲ್ಲಿ ಹೆಂಗಸರ ದುಡಿಮೆಯ ಪಾಲೆಷ್ಟು? ಬರೆದು ನೋಡಿರಿ.

೨. ಪಂಚಾಯಿತಿಯ ಬಿಡುಗಡೆ ಪತ್ರದಿಂದ ತಾಯಿಗೆ ಬರುವ ನಷ್ಟಗಳು ಯಾವವು? ಮಗುವಿನ ಹಕ್ಕು ಅದರಿಂದ ಯಾಕೆ ಹೋಗುವದಿಲ್ಲ?

೩. ಅರ್ಜಿ ಕೊಡಲು ತಡಮಾಡಿದರೆ ಆಗುವ ನಷ್ಟವೇನು?

೪. ತಂದೆ ತಾಯಿ ಅಗಲಿರುವ ಮಕ್ಕಳು ನಿಮ್ಮ ಊರಿನಲ್ಲಿದ್ದಾರೋ? ಅವರ ಪಡಿತರ ಚೀಟಿಯೂ ಶಾಲೆಯೂ ಸರಿಯಾಗಿವೆಯೋ ಎಂದು ಈ ತಿಂಗಳು ಯಾರು ಹೋಗಿ ವಿಚಾರಿಸುವಿರಿ?